ತಪ್ಪಲೆಯ ತಳದ ಅನ್ನ

ಲೈನ್ ಮನೆ, ನಾಲ್ಕನೇ ಕೋಣೆ
ಚೆಟ್ಟಳ್ಳಿ
12 ಅಕ್ಟೋಬರ್ 2025

ಅಶ್ವಿತಾ,

ಕೊಟ್ಟ ಮಾತು ಇಷ್ಟು. ತೋಟ ರೆಸಾರ್ಟ್ ಆದರೂ ಲೈನ್ ಮನೆಯಲ್ಲಿರುವ ತೋಟದ ಆಳುಗಳನ್ನು ಎಬ್ಬಿಸುವುದಿಲ್ಲ. ಮನೆಗೊಬ್ಬರಿಗೆ ಕೆಲಸ. ಎರಡು ಹೊತ್ತು ಹೊಟ್ಟೆ ತುಂಬ ಊಟ. ಪಾತ್ರೆ ತೊಳೆದವಳಿಗೆ ತಪ್ಪಲೆಯ ತಳದ ಅನ್ನ, ನಿಮ್ಮ ತಾತನ ಕಾಲದಿಂದ ನಡೆದು ಬಂದ ಹಾಗೆ.

ಇಲ್ಲ ಅಂದದ್ದು ಇಷ್ಟು. ತಳದ ಅನ್ನ ಈಗ ಕಳವಿನ ಮಾಲು. ಅವ್ವನಿಗೆ ಅಡುಗೆಮನೆ ಬಾಗಿಲು ಬಂದ್. ಕಳವು ಸಾಬೀತಾದರೆ ಕೆಲಸ ಇಲ್ಲ. ಕೆಲಸ ಇಲ್ಲದವರಿಗೆ ಲೈನ್ ಮನೆ ಇಲ್ಲ.

ಕಾಫಿ ಕಣದಲ್ಲಿ ಎಲ್ಲರೆದುರು ಮಾತು ಕೊಟ್ಟವರು ನಿಮ್ಮಪ್ಪ ಕುಟ್ಟಪ್ಪ ಸಾವ್ಕಾರ್ರು, ಕೊರಿಯಾದ ಕಂಪನಿಗೆ ತೋಟವನ್ನು ಲೀಸಿಗೆ ಬರೆದುಕೊಟ್ಟ ದಿನ. 'ಇದನ್ನೂ ಬರೆದು ಕೊಡಿ' ಅಂದೆ. 'ಯಾಕೆ ಆಶಾ, ನನ್ನ ಮಾತಿಗೆ ಬೆಲೆ ಇಲ್ವಾ?' ಅಂದರು. ಇದೆ ಅಂದುಕೊಂಡು ಬಾಯಿ ಮುಚ್ಚಿದೆ. ಸಂಘದಲ್ಲಿ ಹತ್ತು ವರ್ಷ ಕಲಿತದ್ದನ್ನು ಅದೊಂದು ದಿನ ಮರೆತೆ. ಅದಕ್ಕೇ ಈಗ ಫೋನು ಬಿಟ್ಟು ಕಾಗದ ಬರೆಯುತ್ತಿದ್ದೇನೆ. ನೀನೂ ಕಾಗದದಲ್ಲೇ ಉತ್ತರ ಕೊಡು. ಫೋನಿಗೆ ನೀರಿನ ಟ್ಯಾಂಕಿನ ಗುಡ್ಡ ಹತ್ತಬೇಕು, ಹತ್ತಿ ಕೇಳಿದ ಮಾತು ಇಳಿಯುವಷ್ಟರಲ್ಲಿ ಬದಲಾಗಿರುತ್ತದೆ.

ನಡೆದದ್ದು ಹೇಳುತ್ತೇನೆ. ಅಡುಗೆಮನೆ ಹಿಂದೆ ತೂಕದ ಮಿಷನ್ ತಂದಿಟ್ಟಿದ್ದಾರೆ. ಉಂಡು ಬಿಟ್ಟದ್ದು, ಹಳಸಿದ್ದು, ಸೀದದ್ದು ಎಲ್ಲವನ್ನೂ ಬಕೆಟ್ಟಿಗೆ ಸುರಿದು ತೂಗಿ ಬರೆಯಬೇಕು. ತೂಕ ಹೆಚ್ಚಾದ ತಿಂಗಳು ಅಡುಗೆಮನೆಯವರ ಸಂಬಳಕ್ಕೆ ಕತ್ತರಿ. ತೂಗದೆ ಒಂದು ಅಗುಳೂ ಹೊರಗೆ ಹೋಗುವಂತಿಲ್ಲ. ಗುರುವಾರ ಅವ್ವ ತಪ್ಪಲೆ ಕೆರೆದು, ತಳ ಹಿಡಿದ ಅನ್ನವನ್ನು ಡಬ್ಬಿಗೆ ಹಾಕಿಕೊಂಡು ಬಂದಳು. ಮೂವತ್ತು ವರ್ಷದಿಂದ ಹಾಗೇ ತರುತ್ತಿದ್ದಾಳೆ. ಗೇಟಿನಲ್ಲಿ ಕಿರಣ್‌ಕುಮಾರ್ ಡಬ್ಬಿ ತೆರೆಸಿದ. ನಿಮ್ಮಪ್ಪನ ಕಾಲದಲ್ಲಿ ತೋಟದ ಲೆಕ್ಕ ಬರೆಯುತ್ತಿದ್ದ ರೈಟರ್ ಕಿರಣ್‌ಕುಮಾರನೇ, ಈಗ ಮ್ಯಾನೇಜರ್.

'ಇದೇನ್ ನಿಂಗಮ್ಮ?'

'ಸೀದನ್ನ ಕಣಪ್ಪ. ನಿಂಗೊತ್ತಿಲ್ವಾ? ನೀನೂ ತಿಂದಿದ್ದೀಯಲ್ಲ.'

'ಬಕೆಟ್ಟಿಗೆ ಹೋಗಬೇಕಾದ್ದು ಡಬ್ಬಿಗೆ ಹೋದರೆ ಅದು ಕಳವು' ಅಂದ. ಕಸದಿಂದ ಕಳವು! ಇಂಥ ಕಾನೂನನ್ನು ಬ್ರಿಟಿಷ್ ದೊರೆಗಳೂ ಬರೆಯಲಿಲ್ಲ.

ಕಂಪನಿಯ ಮುಖ್ಯಸ್ಥ ನಾಮ್ ಸಾಹೇಬ ನಿಮ್ಮ ಹಳೇ ಬಂಗಲೆಯಲ್ಲೇ ಇದ್ದಾನೆ. ಆ ಮನುಷ್ಯ ನನಗೆ ಅರ್ಥವಾಗುವುದಿಲ್ಲ. ಕೈ ಒರೆಸುವ ಕಾಗದವನ್ನು ಹರಿದು ಅರ್ಧ ಜೇಬಿಗಿಡುತ್ತಾನೆ. ಹಳೇ ಬಿಲ್ಲಿನ ಹಿಂಬದಿಯಲ್ಲಿ ಬರೆಯುತ್ತಾನೆ. ಅಟ್ಟೆ ಹೊಲಿಸಿದ ಬೂಟು ಹಾಕುತ್ತಾನೆ. ಅದೇ ಮನುಷ್ಯ, ಸಿಯೋಲಿನಿಂದ ನಾಲ್ಕು ಜನ ನೆಂಟರು ಬಂದ ದಿನ ಹದಿನೇಳು ಬಟ್ಟಲು ಜೋಡಿಸಿದ. ನಾನು ಎಣಿಸಿದ್ದೇನೆ. ಅರ್ಧಕ್ಕರ್ಧ ವಾಪಸು ಬಂತು. ಅದನ್ನೂ ತೂಗಿದರು. ಯಾರ ತಲೆಗೆ ಕಟ್ಟಿದರು? ಪಾತ್ರೆ ತೊಳೆಯುವವರ ತಲೆಗೆ.

ನೀನು ಆ ಊರಲ್ಲಿ ಐದು ವರ್ಷದಿಂದ ಇದ್ದೀಯ, ಅವರ ಭಾಷೆ ಮಾತಾಡುತ್ತೀಯ. ಆ ಜನಕ್ಕೆ ದುಡ್ಡು ಅಂದರೇನು? ಹಾಳುಮಾಡುವುದು ಅಂದರೇನು, ಉಳಿಸುವುದು ಅಂದರೇನು? ಬರೆದು ಕಳಿಸು. ಎದುರಿಗಿರುವವನ ಮನಸ್ಸು ತಿಳಿಯದೆ ಧರಣಿ ಕೂರಲಾರೆ.

ಅವ್ವ ಹೇಳುತ್ತಾಳೆ: 'ಅಶ್ವಿ ಅಲ್ಲೇ ಅವ್ಳಲ್ಲ, ಕೇಳು. ಆ ಮಗೀಗೆ ಅನ್ನ ಉಣ್ಸಿದ್ ಕೈ ಇದು.' ತಳದ ಅನ್ನಕ್ಕೆ ಬೆಲ್ಲ ಹಾಕಿ ಕೊಡು ಅಂತ ನಮ್ಮ ಬಾಗಿಲಲ್ಲಿ ಕೂತಿರುತ್ತಿದ್ದೆ, ನೆನಪಿದೆಯಾ?

ಆಶಾರಾಣಿ

* * *

ಸಿಯೋಲ್
2 ನವೆಂಬರ್ 2025

ಪ್ರೀತಿಯ ಆಶಾ,

ನಿನ್ನ ಅಕ್ಷರ ಕಂಡು ಶಾಲೆಯ ಬೆಂಚು ನೆನಪಾಯಿತು. ನೀನು ಆಗಲೂ ಪೆನ್ನನ್ನು ಹೀಗೇ ಒತ್ತಿ ಬರೆಯುತ್ತಿದ್ದೆ, ಹಿಂದಿನ ಪುಟಕ್ಕೂ ಅಚ್ಚು ಬೀಳುತ್ತಿತ್ತು. ನಿಂಗವ್ವನ ವಿಷಯ ಓದಿ ಎರಡು ದಿನ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಕೇಳಿದೆಯಲ್ಲ, ಹೇಳುತ್ತೇನೆ. ನಾನಿರುವ ಮನೆ ಒಬ್ಬ ಅಜ್ಜಿಯದು. ಕೆಳಗೆ ಅಂಗಳದಲ್ಲಿ ಒಂದು ಡಬ್ಬವಿದೆ. ಮನೆಯ ಕಾರ್ಡು ತೋರಿಸಿದರೆ ಮುಚ್ಚಳ ತೆರೆಯುತ್ತದೆ, ಉಳಿದ ಅನ್ನ ಪಲ್ಯ ಸುರಿದರೆ ತೂಗುತ್ತದೆ, ಇಷ್ಟು ಗ್ರಾಂ ಅಂತ ತೋರಿಸುತ್ತದೆ. ತಿಂಗಳ ಕೊನೆಗೆ ಆ ಮನೆಗೆ ಬಿಲ್ಲು. ಅಜ್ಜಿ ಕಲ್ಲಂಗಡಿ ಸಿಪ್ಪೆಯನ್ನು ಬಿಸಿಲಲ್ಲಿ ಒಣಗಿಸಿ, ತೂಕ ಇಳಿದ ಮೇಲೆ ಹಾಕುತ್ತಾರೆ. ಮನೆಯೊಳಗೆ ಎರಡು ಸ್ವೆಟರ್ ಹಾಕಿಕೊಂಡು ಹೀಟರ್ ಆರಿಸುತ್ತಾರೆ. ದೇಶ ಸಾಲದಲ್ಲಿ ಮುಳುಗಿದ್ದ ಚಳಿಗಾಲ, ಇಪ್ಪತ್ತೆಂಟು ವರ್ಷದ ಹಿಂದೆ, ಜನರೆಲ್ಲ ಸಾಲುಗಟ್ಟಿ ಬಂಗಾರ ಕೊಟ್ಟರಂತೆ. ಅಜ್ಜಿ ಮದುವೆಯ ಉಂಗುರ ಕೊಟ್ಟರು. ಬೆರಳಿನಲ್ಲಿ ಆ ಗುರುತು ಇನ್ನೂ ಇದೆ ಅಂತ ತೋರಿಸುತ್ತಾರೆ. ನನಗೆ ಕಾಣುವುದಿಲ್ಲ. ಹೌದು ಅನ್ನುತ್ತೇನೆ.

ಅವರ ಮೊಮ್ಮಗ ಎರಡು ತಿಂಗಳ ಸಂಬಳ ಕೊಟ್ಟು ಒಂದು ಚರ್ಮದ ಚೀಲ ಕೊಂಡ. ಅಜ್ಜಿ ಬೈದರು. 'ಎಷ್ಟು ಉಳಿಸಿದರೂ ಈ ಊರಲ್ಲಿ ಮನೆ ಕೊಳ್ಳೋಕೆ ಈ ಜನ್ಮ ಸಾಲಲ್ಲ ಅಜ್ಜಿ, ಚೀಲನಾದ್ರೂ ಇರಲಿ' ಅಂದ. ಅವನ ವಯಸ್ಸಿನವರೇ ಫೋನಿನಲ್ಲಿ ಗುಂಪು ಕಟ್ಟಿಕೊಂಡಿದ್ದಾರೆ, ಹೆಸರು 'ಭಿಕಾರಿಗಳ ಕೋಣೆ'. ಅಲ್ಲಿ ಒಬ್ಬ 'ಒಂದು ಕಾಫಿ ಕುಡಿಯಲಾ?' ಅಂತ ಕೇಳುತ್ತಾನೆ. ಮುಖ ಕಾಣದ ಹತ್ತು ಜನ ಉಗಿಯುತ್ತಾರೆ: 'ಆಫೀಸಿನಲ್ಲಿ ನೀರು ಬಿಟ್ಟಿ, ಹೋಗಿ ಕುಡಿ!' ಬೈಸಿಕೊಂಡವನು ಧನ್ಯವಾದ ಹೇಳುತ್ತಾನೆ.

ಹದಿನೇಳು ಬಟ್ಟಲಿನ ವಿಷಯ ಕೇಳಿದೆಯಲ್ಲ. ಇಲ್ಲಿ ಅತಿಥಿಯ ಮುಂದೆ ಮೇಜು ತುಂಬದಿದ್ದರೆ ನಾಚಿಕೆ. ಮನೆಯ ಡಬ್ಬ ತುಂಬಿದರೂ ನಾಚಿಕೆ. ಎರಡು ನಾಚಿಕೆಗಳ ನಡುವೆ ಈ ಜನ ಓಡಾಡುತ್ತಾರೆ. ನಾಮ್ ಅವರೂ ಹಾಗೇ. ಕೆಟ್ಟವರಲ್ಲ ಆಶಾ. ಉಳಿಸುವವರ ಮೇಲೆ ಅವರಿಗೆ ಗೌರವವಿದೆ.

ಆದ್ದರಿಂದ ಧರಣಿ, ಘೋಷಣೆ ಬೇಡ. ಇಲ್ಲಿ ತಪ್ಪಾಯಿತು ಅಂತ ತಲೆ ಬಗ್ಗಿಸಿದರೆ ಅರ್ಧ ವಿಷಯ ಅಲ್ಲೇ ಮುಗಿಯುತ್ತದೆ. ನಿಂಗವ್ವ ಒಂದು ಸಾಲಿನ ಕ್ಷಮಾಪಣೆ ಕೊಟ್ಟರೆ ಸಾಕು. ಮುಂದೆ ನೀಲಿ ಬಕೆಟ್ಟಿನ ತೂಕವನ್ನು ಸರಿಯಾಗಿ ಬರೆಯಿರಿ, ಅದು ಕೆಲಸದವರದು ಮಾತ್ರ. ಎಲ್ಲ ಸರಿಹೋಗುತ್ತದೆ.

ನನ್ನ ಓದು ಮುಗಿದಿದೆ. ಒಂದು ಆಫೀಸಿನಲ್ಲಿ ಕೆಲಸ, ವಿಶೇಷ ಏನಿಲ್ಲ.

ನಿನ್ನ
ಅಶ್ವಿತಾ

* * *

ಚೆಟ್ಟಳ್ಳಿ
16 ನವೆಂಬರ್ 2025

ಅಶ್ವಿತಾ,

ನಿನ್ನ ಕಾಗದವನ್ನು ಅವ್ವನಿಗೆ ಓದಿ ಹೇಳಿದ್ದು ನನ್ನ ತಪ್ಪು. ಉಂಗುರದ ಕಥೆ ಕೇಳಿ 'ಅಯ್ಯೋ ಪಾಪ, ಅಲ್ಲೂ ನಮ್ಮಂಗೇ ಅವ್ರಲ್ಲ' ಅಂದಳು. ಕ್ಷಮಾಪಣೆಯ ಸಾಲನ್ನು ಇನ್ನೊಮ್ಮೆ ಓದಿಸಿದಳು. ನಾನು ಮರುದಿನ ಕಾಫಿ ಪಿಕ್ಕಿಂಗಿಗೆ ಹೋದೆ. ಸಂಜೆ ಬಂದಾಗ ಅವ್ವ ನಗುನಗುತ್ತಾ ಕೂತಿದ್ದಳು.

'ಹೋಗಿ ಬರ್ಕೊಟ್ಬಂದೆ ಕಣೆ. ಅಶ್ವಿ ಹೇಳವ್ಳಲ್ಲ, ಸರಿಹೋಯ್ತದೆ.'

ಕಿರಣ್‌ಕುಮಾರನೇ ಬರೆದನಂತೆ. 'ತಪ್ಪಾಯ್ತು ಅಂತ ಒಂದೇ ಸಾಲು ನಿಂಗಮ್ಮ, ಇಲ್ಲಿ ಸಹಿ ಹಾಕು, ಮುಗೀತು.' ಅವ್ವ ಮೂರು ಅಕ್ಷರದ ಸಹಿಯನ್ನು ಕಷ್ಟಪಟ್ಟು ಹಾಕಿದಳು. ಸಾಕ್ಷರತೆಯ ರಾತ್ರಿ ಶಾಲೆಯಲ್ಲಿ ಕಲಿಸಿದ ಸಹಿ ಅದು. ಹೆಬ್ಬೆಟ್ಟು ಒತ್ತಬಾರದು ಅಂತ ನಾನೇ ಜಗಳವಾಡಿ ಕಲಿಸಿದ್ದು.

ಮೂರನೇ ದಿನ ಆರ್ಡರ್ ಬಂತು. 'ಕಳವನ್ನು ತಾವೇ ಒಪ್ಪಿ ಬರೆದುಕೊಟ್ಟಿರುವುದರಿಂದ ಕೆಲಸದಿಂದ ತೆಗೆಯಲಾಗಿದೆ. ಜನವರಿ 31ರೊಳಗೆ ಕೋಣೆ ಖಾಲಿ ಮಾಡತಕ್ಕದ್ದು.' ನಾಮ್ ಸಾಹೇಬನ ಸಹಿ, ಸೀಲು.

ನಿನ್ನ ಊರಲ್ಲಿ ತಲೆ ಬಗ್ಗಿಸಿದರೆ ವಿಷಯ ಮುಗಿಯುತ್ತದೇನೋ. ನಮ್ಮ ಊರಲ್ಲಿ ಬಗ್ಗಿದ ತಲೆ ಕಂಡರೆ ಕತ್ತಿ ತರುತ್ತಾರೆ. ಇದು ನಿನಗೆ ಗೊತ್ತಿರಬೇಕಿತ್ತು. ನೀನೂ ಇದೇ ತೋಟದಲ್ಲಿ ಬೆಳೆದವಳು. ಬಂಗಲೆಯ ಕಡೆಯಿಂದ ನೋಡಿದರೆ ಕಾಣುವುದಿಲ್ಲವೋ ಏನೋ.

ಇನ್ನೊಂದು. ಸಂಬಳ ಕಡಿತದ ಹೆದರಿಕೆಗೆ ನಮ್ಮವರು ತಟ್ಟೆಯನ್ನು ನೆಕ್ಕಿದಂತೆ ಖಾಲಿ ಮಾಡುತ್ತಿದ್ದರು. ಹುಳಿ ಬಂದ ಸಾರನ್ನೂ ಕುಡಿದರು. ಬಕೆಟ್ ಹಗುರವಾಯಿತು. ಅದನ್ನು ನೋಡಿ ಮೇಲಿನ ಆಫೀಸಿನವರು ಮೆಚ್ಚಿದರಂತೆ. ಮೆಚ್ಚಿ ಏನು ಮಾಡಿದರು ಗೊತ್ತಾ? 'ಉಳಿಯುತ್ತಿಲ್ಲ ಅಂದರೆ ಇನ್ನೂ ಕಡಿಮೆಯಲ್ಲಿ ಆಗುತ್ತದೆ' ಅಂತ ಆಳುಗಳ ಅಕ್ಕಿ ಇಳಿಸಿದರು. ಈಗ ಎರಡನೇ ಸಲ ಅನ್ನ ಕೇಳಿದರೆ ಸೌಟು ತಪ್ಪಲೆಯ ತಳಕ್ಕೆ ತಾಗಿ ಸದ್ದು ಮಾಡುತ್ತದೆ. ನಾವು ಹಸಿದು ಉಳಿಸಿದ್ದು ನಮ್ಮ ಹಸಿವಿಗೇ ಪುರಾವೆಯಾಯಿತು.

ನಾಲ್ಕನೇ ಕೋಣೆ ಹೋದರೆ ಅವ್ವನನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ? ಹಾಸನದ ಕಡೆಯಿಂದ ಅವಳು ಬಂದಾಗ ಹೊಟ್ಟೆಯಲ್ಲಿ ನಾನಿದ್ದೆ. ಆ ಊರಿನಲ್ಲಿ ಈಗ ನಮ್ಮನ್ನು ಗುರುತು ಹಿಡಿಯುವವರೂ ಇಲ್ಲ.

ಕೊನೆಯದಾಗಿ ಒಂದು ಪ್ರಶ್ನೆ. ಬಕೆಟ್ ನೀಲಿ ಅಂತ ನಾನು ಬರೆದಿರಲಿಲ್ಲ. ಕಾಗದದ ನಕಲು ನನ್ನ ಹತ್ತಿರ ಇದೆ, ಮೂರು ಸಲ ಓದಿದೆ. ನಿನಗೆ ಹೇಗೆ ಗೊತ್ತು?

ಆಶಾರಾಣಿ

* * *

ಚೆಟ್ಟಳ್ಳಿ
10 ಡಿಸೆಂಬರ್ 2025

ಅಶ್ವಿತಾ,

ಮೂರು ವಾರ ಕಳೆದು ನಾಲ್ಕನೆಯದು ನಡೆಯುತ್ತಿದೆ. ಉತ್ತರ ಇಲ್ಲ. ಹುತ್ತರಿ ಹಬ್ಬಕ್ಕೆ ನಿಮ್ಮ ಮನೆಗೆ ಹೋಗಿದ್ದೆ. ನಿಮ್ಮಮ್ಮ ಕಮಲಕ್ಕ 'ಅಶ್ವಿ ಚೆನ್ನಾಗಿದ್ದಾಳೆ, ದಿನಾ ಫೋನ್ ಮಾಡ್ತಾಳೆ' ಅಂದರು. ಹಾಗಾದರೆ ಕೈಗೆ ಏನೂ ಆಗಿಲ್ಲ.

ನಿನ್ನೆ ನಾಮ್ ಸಾಹೇಬ ಒಬ್ಬನೇ ಲೈನಿಗೆ ಬಂದ. ಅವ್ವ ಮೊರದಲ್ಲಿ ಸೀದ ಅನ್ನ ಒಣಗಿಸಿದ್ದಳು, ನಮ್ಮ ಮನೆಯದೇ ಅಕ್ಕಿ, ನಮ್ಮದೇ ತಪ್ಪಲೆ. ಅಭ್ಯಾಸ ಬಿಡದಲ್ಲ. ಅವನು ಮೊರದ ಮುಂದೆ ನಿಂತ. ಕೈಯಲ್ಲಿದ್ದ ಫೋನು ಎತ್ತಿ ಏನೋ ಕೇಳಲು ನೋಡಿದ, ಇಲ್ಲಿ ನೆಟ್‌ವರ್ಕ್ ಎಲ್ಲಿ? ತನ್ನ ಭಾಷೆಯಲ್ಲೇ ಎರಡು ಮಾತು ಹೇಳಿದ. ಒಂದು ತುಂಡು ಮುರಿದು ಬಾಯಿಗಿಟ್ಟ. ಇನ್ನೊಂದು ತುಂಡನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಹೋದ.

ಸಾಕ್ಷಿ ತೆಗೆದುಕೊಂಡು ಹೋದ, ತಿಳಿಯಿತಾ? ಇನ್ನು ಪೊಲೀಸ್ ಕಂಪ್ಲೇಂಟು ಬರುತ್ತದೆ. ಅವ್ವ ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲ. 'ನಮ್ಮದೇ ಅಕ್ಕಿ ಅಂತ ಹೇಳೇ' ಅಂತ ನನಗೇ ಹೇಳುತ್ತಾಳೆ. ಅಂಗಡಿಯ ಚೀಟಿ ಹುಡುಕಿ ಇಟ್ಟಿದ್ದೇನೆ. ನಮ್ಮ ಅನ್ನ ನಮ್ಮದು ಅಂತ ಸಾಬೀತು ಮಾಡುವ ಕಾಲ ಬಂತು.

ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಇದಕ್ಕೂ ಉತ್ತರ ಬರದಿದ್ದರೆ ನೀನು ಯಾರ ಕಡೆ ಅನ್ನುವುದು ಗೊತ್ತಾದ ಹಾಗೆ.

ಆಶಾರಾಣಿ

* * *

ಸಿಯೋಲ್
21 ಡಿಸೆಂಬರ್ 2025

ಆಶಾ,

ಐದು ಸಲ ಬರೆದು ಹರಿದೆ. ಇದು ಆರನೆಯದು.

ಮೂರು ಬಕೆಟ್: ಕೆಂಪು ಅಡುಗೆಮನೆಗೆ, ಹಳದಿ ಅತಿಥಿಗಳಿಗೆ, ನೀಲಿ ಕೆಲಸದವರಿಗೆ. ಬಣ್ಣ ಆರಿಸಿದವಳು ನಾನು. ನನ್ನ ಆಫೀಸು ಅದೇ ಕಂಪನಿಯದು. ನನ್ನ ಮೇಜಿನ ಕೆಲಸ 'ವ್ಯರ್ಥ ತಗ್ಗಿಸುವುದು'. ತೂಗದೆ ಏನೂ ಹೊರಗೆ ಹೋಗಬಾರದು ಅನ್ನುವ ಸಾಲೂ ನನ್ನದು. ಲೆಕ್ಕ ಶುದ್ಧವಾಗಿರಲಿ ಅಂತ ಬರೆದೆ. ಬರೆಯುವಾಗ ನಿಂಗವ್ವನ ಡಬ್ಬಿ ನೆನಪಾಗಲಿಲ್ಲ. ನಾನು ಅದರಲ್ಲಿ ತಿಂದವಳು, ನೆನಪಾಗಲಿಲ್ಲ.

ಬಕೆಟ್ ಹಗುರವಾದ ವರದಿ ಬಂದಾಗ, ಕೆಲಸದವರ ಅಕ್ಕಿಯನ್ನು ಇನ್ನಷ್ಟು ಇಳಿಸಬಹುದು ಅಂತ ಶಿಫಾರಸು ಮಾಡಿದವಳೂ ನಾನೇ. ಅಂದು ನನ್ನ ಮೇಲಿನವರು ನನ್ನನ್ನು ಊಟಕ್ಕೆ ಕರೆದುಕೊಂಡು ಹೋದರು. ಮೇಜು ತುಂಬಾ ಬಟ್ಟಲು. ಅರ್ಧ ಬಿಟ್ಟೆದ್ದೆವು.

ಆದರೆ ಒಂದು ವಿಷಯ. ನಾನು ಮೊದಲು ಬರೆದ ನಿಯಮದ ಕರಡಿನಲ್ಲಿ ಮೂರನೇ ಸಾಲು ಹೀಗಿತ್ತು: 'ತಟ್ಟೆಯಲ್ಲಿ ಬಿಟ್ಟದ್ದನ್ನು ತೂಗಿ, ಬಿಟ್ಟವರ ಬಿಲ್ಲಿಗೇ ಸೇರಿಸಬೇಕು.' ಅಜ್ಜಿಯ ಅಂಗಳದ ಡಬ್ಬದ ನಿಯಮವೇ ಅದು, ಬಿಸಾಡಿದವರೇ ಕೊಡಬೇಕು. ಮೇಲಿನವರು ಅದಕ್ಕೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ ಬರೆದರು: 'ಅತಿಥಿಗೆ ಮುಜುಗರ. ಅಡುಗೆಮನೆಯ ಲೆಕ್ಕಕ್ಕೆ ಹಾಕಿ.' ನಾನು ಹಾಕಿದೆ. ಅನುವಾದಿಸಿ ಕಿರಣ್‌ಕುಮಾರ್ ಅವರಿಗೆ ಕಳಿಸಿದೆ. ಆ ಕೆಂಪು ಗೆರೆಯ ಪುಟದ ನಕಲು, ಅದರ ಕನ್ನಡ, ಅಜ್ಜಿಯ ಮನೆಯ ಡಬ್ಬದ ಬಿಲ್ಲು, ಮೂರನ್ನೂ ಇದರೊಂದಿಗೆ ಇಟ್ಟಿದ್ದೇನೆ.

ನಾಮ್ ಅವರು ಸಾಕ್ಷಿ ಒಯ್ದದ್ದಲ್ಲ ಆಶಾ. ತಳ ಹಿಡಿದ ಅನ್ನಕ್ಕೆ ಇಲ್ಲಿ ನುರುಂಗ್‌ಜಿ ಅನ್ನುತ್ತಾರೆ. ಒಣಗಿಸಿಟ್ಟು ತಿನ್ನುತ್ತಾರೆ, ಬಿಸಿನೀರು ಹಾಕಿ ಗಂಜಿಯಂತೆ ಕುಡಿಯುತ್ತಾರೆ. ಈಗ ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಮಾರುತ್ತಾರೆ. ಅವರ ತಾಯಿ ಒಂದು ಕಾರ್ಖಾನೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರಂತೆ. ತಳದ ಅನ್ನವನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದು ನಾಲ್ಕು ಮಕ್ಕಳನ್ನು ಸಾಕಿದರಂತೆ. ಇಲ್ಲಿಗೆ ಬಂದಿದ್ದಾಗ ಆಫೀಸಿನ ಔತಣವೊಂದರಲ್ಲಿ ಇದನ್ನು ಹೇಳಿ ಅವರು ಅತ್ತರು. ನಾವು ಚಪ್ಪಾಳೆ ತಟ್ಟಿದೆವು. ಮರುದಿನ ನನ್ನ ನಿಯಮಕ್ಕೆ ಸಹಿ ಹಾಕಿದರು.

ಅದಕ್ಕೇ ಹೇಳುತ್ತೇನೆ, ಆ ಕರ್ಚೀಫಿಗೆ ಕರಗಬೇಡ. ಆ ಮನುಷ್ಯನಿಗೆ ಕಣ್ಣೀರೂ ನಿಜ, ಸಹಿಯೂ ನಿಜ. ಒಂದು ಇನ್ನೊಂದನ್ನು ತಡೆದದ್ದನ್ನು ನಾನು ನೋಡಿಲ್ಲ.

ಒಂದು ಬೇಡಿಕೆ. ಪುಟದ ಮೇಲಿರುವ ನನ್ನ ಹೆಸರನ್ನು ಮುಚ್ಚಿ ತೋರಿಸು. ಫೆಬ್ರುವರಿಯಲ್ಲಿ ನನ್ನ ವೀಸಾ ಮುಗಿಯುತ್ತದೆ. ಕಂಪನಿ ಪತ್ರ ಕೊಟ್ಟರೆ ಮಾತ್ರ ಮುಂದುವರಿಯುತ್ತದೆ. ಇದನ್ನು ಕೇಳಲು ನನಗೆ ಮುಖವಿಲ್ಲ. ಆದರೂ ಕೇಳುತ್ತಿದ್ದೇನೆ.

ಅಶ್ವಿತಾ

* * *

ಚೆಟ್ಟಳ್ಳಿ
4 ಜನವರಿ 2026

ಅಶ್ವಿತಾ,

ಶುಕ್ರವಾರ ಕಾಗದ ಬಂತು. ಅವ್ವನಿಗೆ ಓದಬಾರದು ಅಂದುಕೊಂಡೆ. 'ಏನಂತೆ?' ಅಂದಳು. ಸುಳ್ಳು ಹೇಳಲು ಬರಲಿಲ್ಲ, ಎಲ್ಲ ಓದಿದೆ. ಒಲೆಯ ಕೆಂಡವನ್ನು ಬೂದಿಯಿಂದ ಮುಚ್ಚಿದಳು. ಆಮೇಲೆ ಅಂದಳು:

'ಚಿಕ್ಕೋಳಿದ್ದಾಗ್ಲೂ ತಟ್ಟೇಲಿ ಬಿಟ್ಟೆದ್ದೋಯ್ತಿದ್ಲು. ನಾನೇ ತಿಂತಿದ್ದೆ. ಈಗ್ಲೂ ನಾನೇ ತಿನ್ಬೇಕಾ, ಕೇಳು.'

ಕೇಳಿದ್ದೇನೆ. ನನ್ನ ಮಾತನ್ನು ಇದಕ್ಕೆ ಸೇರಿಸುವುದಿಲ್ಲ. ಸೇರಿಸಲು ಹೋದರೆ ಪೆನ್ನು ಮುರಿಯುತ್ತದೆ.

ಕೆಲಸದ ಮಾತು. ನಿನ್ನೆ ಕಣದಲ್ಲಿ ಸಂಘದ ಸಭೆ ಸೇರಿತು. ಇಪ್ಪತ್ತಾರು ಜನ. ಜೀಪ್ ಓಡಿಸುವ ಸಣ್ಣಸ್ವಾಮಿ ಮಾವ ಅಧ್ಯಕ್ಷ. ನೀನು ಕಳಿಸಿದ ಪುಟವನ್ನು ಎತ್ತಿ ಹಿಡಿದು ಕೆಂಪು ಗೆರೆ ತೋರಿಸಿದೆ. ಆಮೇಲೆ ಮಾವ ಎದ್ದು ನಿಂತ.

'ಕಸ ಕದ್ದೋರ್ನ ಕೆಲ್ಸದಿಂದ ತೆಗ್ಯದಾದ್ರೆ, ಪಂಚಾಯ್ತಿ ಕಸದ್ ಗಾಡಿ ಡ್ರೈವರ್‌ಗೆ ಗಲ್ಲೇ ಕಣ್ರಪ್ಪಾ!'

ನಗು. ತಿಂಗಳುಗಳ ಮೇಲೆ ಈ ಕಣದಲ್ಲಿ ನಗು ಕೇಳಿದೆ. ನಗುವಿನ ನಡುವೆಯೇ ಪಾತ್ರೆ ತೊಳೆಯುವ ಪೂವಮ್ಮ ಕೇಳಿದಳು, 'ಇದನ್ನ ಬರ್ದದ್ದು ಯಾರು? ಹೆಸರೆಲ್ಲಿ?' ನಿನ್ನ ಹೆಸರಿನ ಮೇಲೆ ನಾನು ಬೆರಳು ಇಟ್ಟಿದ್ದೆ. ಬೆರಳು ತೆಗೆಯಲಿಲ್ಲ. ಈ ಸಲ ನೀನು ಕೇಳಿಕೊಂಡದ್ದನ್ನು ನಡೆಸಿದೆ. ಆದರೆ ಹೇಳುತ್ತೇನೆ ಕೇಳು. ಹೆಸರಿಲ್ಲದ ಕಾಗದವನ್ನು ಕಿರಣ್‌ಕುಮಾರ್ ಎರಡು ನಿಮಿಷದಲ್ಲಿ ಸುಳ್ಳು ಮಾಡುತ್ತಾನೆ. 'ಎಲ್ಲಿ ಪ್ರಿಂಟ್ ಹೊಡೆಸಿದಿರಿ, ಕುಶಾಲನಗರದಲ್ಲಾ?' ಅನ್ನುತ್ತಾನೆ. ಆಗ ಅವ್ವನ ಕೈಯಲ್ಲಿ ಉಳಿಯುವುದು ಅವಳದೇ ತಪ್ಪೊಪ್ಪಿಗೆ.

ನಮ್ಮ ಬೇಡಿಕೆ ನಾಲ್ಕು. ಅವ್ವನ ಮೇಲಿನ ಆರ್ಡರ್ ವಾಪಸು. ಇಳಿಸಿದ ಅಕ್ಕಿ ವಾಪಸು. ಹಳದಿ ಬಕೆಟ್ಟಿನ ತೂಕ ಬಿಟ್ಟೆದ್ದವರ ಬಿಲ್ಲಿಗೆ. ತಳದ ಅನ್ನ ತೊಳೆದವಳಿಗೆ, ಈ ಸಲ ಬರವಣಿಗೆಯಲ್ಲಿ. ಮಾತುಕತೆಗೆ ಒಪ್ಪದಿದ್ದರೆ ಸೋಮವಾರದಿಂದ ಅಡುಗೆಮನೆಯವರು ಯಾರೂ ಒಳಗೆ ಹೋಗುವುದಿಲ್ಲ ಅಂತ ಬರೆದು ಕೊಟ್ಟೆವು. ಕಿರಣ್‌ಕುಮಾರ್ ಓದಿ, 'ಆಶಾ, ನಿನ್ನ ಒಳ್ಳೇದಕ್ಕೆ ಹೇಳ್ತೀನಿ, ಸುಮ್ನಿರು' ಅಂದ. 'ನಿಮ್ಮ ಒಳ್ಳೇದಕ್ಕೆ ಹೇಳ್ತೀನಿ, ರಸೀದಿ ಕೊಡಿ' ಅಂದೆ. ಕೊಟ್ಟ.

ಇವತ್ತು ಬೆಳಿಗ್ಗೆ ಉತ್ತರ ಬಂತು. ನಾಮ್ ಸಾಹೇಬ ಕೂತು ಮಾತಾಡುತ್ತಾನಂತೆ. ದಿನ ಇನ್ನೂ ಗೊತ್ತಿಲ್ಲ. ಆದರೆ ನಮ್ಮ ಮಾತನ್ನು ಅವನಿಗೆ, ಅವನ ಮಾತನ್ನು ನಮಗೆ ದಾಟಿಸುವವನು ಕಿರಣ್‌ಕುಮಾರ್. ಇಂಗ್ಲಿಷಿನಲ್ಲಿ. ಒಂದು ಸಾಲಿನ ಕ್ಷಮಾಪಣೆಯನ್ನು ಕಳವಿನ ಒಪ್ಪಿಗೆ ಮಾಡಿದವನ ಬಾಯಿಗೆ ಅವ್ವನ ಮನೆಯನ್ನು ಹಾಕಲಾ?

ಹಾಕಲಾರೆ. ನಮ್ಮ ಕಡೆಯಿಂದ ಮಾತಾಡಲು ಕೊರಿಯಾ ಭಾಷೆ ಬಲ್ಲವರು ಬೇಕು. ನನಗೆ ಗೊತ್ತಿರುವವಳು ಒಬ್ಬಳೇ. ಫೋನಿನಲ್ಲಿ ಬಾ, ಹೆಸರು ಹೇಳಿಕೊಂಡು ಬಾ, 'ಆ ಸಾಲು ನಾನು ಬರೆದೆ, ಅದನ್ನು ಹೊಡೆದುಹಾಕಿದರು' ಅಂತ ಅವನ ಭಾಷೆಯಲ್ಲೇ ಹೇಳು. ವೀಸಾ ಹೋಗಬಹುದು. ಹೋಗುವುದಿಲ್ಲ ಅಂತ ನಾನು ಸುಳ್ಳು ಧೈರ್ಯ ಕೊಡುವುದಿಲ್ಲ. ನಿನಗೆ ಹೋದರೆ ವೀಸಾ, ವಾಪಸು ಬಂದರೆ ನಿಮ್ಮಪ್ಪ ಬಂಗಲೆಯ ಪಕ್ಕ ಕಟ್ಟಿಸಿದ ಹೊಸ ಮನೆ. ಅವ್ವನಿಗೆ ಹೋದರೆ ರಸ್ತೆ. ಇಷ್ಟೇ ವ್ಯತ್ಯಾಸ. ತೂಗಿ ನೋಡು, ನಿನಗೆ ತೂಗುವುದು ಬರುತ್ತದಲ್ಲ.

ಉತ್ತರ ಬೇಗ ಬೇಕು.

ಆಶಾರಾಣಿ

* * *

ಸಿಯೋಲ್
17 ಜನವರಿ 2026

ಆಶಾ,

ಪೋಸ್ಟಿಗೆ ಹೊತ್ತಿಲ್ಲ. ಬರೆದು, ಫೋಟೋ ತೆಗೆದು ಕಳಿಸುತ್ತಿದ್ದೇನೆ. ಟ್ಯಾಂಕಿನ ಗುಡ್ಡ ಹತ್ತಿದಾಗ ಸಿಗುತ್ತದೆ. ಮೂಲ ಕಾಗದವನ್ನೂ ಅಂಚೆಗೆ ಹಾಕುತ್ತೇನೆ, ನಿನಗೆ ಅದು ಬೇಕು ಅಂತ ಗೊತ್ತು.

ನಿನ್ನ ಕಾಗದದ 'ತೂಗಿ ನೋಡು' ಅನ್ನುವ ಸಾಲು ಓದಿ ಮೊದಲು ಸಿಟ್ಟು ಬಂತು. ನಿಂಗವ್ವನ ಸಾಲು ಓದಿದ ಮೇಲೆ ಸಿಟ್ಟಿಗೆ ಜಾಗ ಉಳಿಯಲಿಲ್ಲ.

ಅಪ್ಪನಿಗೆ ಫೋನ್ ಮಾಡಿದೆ. 'ಕಣದಲ್ಲಿ ಮಾತು ಕೊಟ್ಟದ್ದು ಹೌದಾ?' ಅಂದೆ. 'ಕೊಟ್ಟದ್ದು ಹೌದು ಮಗ. ಆದ್ರೆ ಈಗ ಜಾಗ ಅವರ ಕೈಲಿದೆಯಲ್ಲ.' 'ಬಂದು ಅದನ್ನೇ ಹೇಳ್ತೀರಾ, ಕೊಟ್ಟದ್ದು ಹೌದು ಅಂತ?' ಹಿಂದೆ ಟಿವಿಯ ಸದ್ದು ಕೇಳುತ್ತಿತ್ತು. ಆಮೇಲೆ 'ಊಟ ಆಯ್ತಾ?' ಅಂದರು. ಅವರು ಬರುತ್ತಾರೋ ಇಲ್ಲವೋ ಹೇಳಲಾರೆ. ನಂಬಿಕೊಳ್ಳಬೇಡ.

ನಾನು ಬರುತ್ತೇನೆ. ಪುಟದ ಮೇಲಿಂದ ಬೆರಳು ತೆಗೆ.

ಅಜ್ಜಿಗೆ ಎಲ್ಲ ಹೇಳಿದೆ. ನಿಂಗವ್ವನ ಡಬ್ಬಿಯ ಕಥೆ ಕೇಳಿ ಅವರು ಬೈದದ್ದು ನಾಮ್ ಅವರನ್ನಲ್ಲ, ನನ್ನನ್ನು. 'ಅನ್ನ ತೂಗೋದನ್ನ ಕಲಿತೆ, ಯಾರದ್ದು ಅಂತ ನೋಡೋದನ್ನ ಕಲೀಲಿಲ್ಲ' ಅಂದರು. ಈ ತಿಂಗಳ ಡಬ್ಬದ ಬಿಲ್ಲಿನ ಹಿಂದೆ ತಮ್ಮ ಹೆಸರು ಬರೆದು ಮುದ್ರೆ ಒತ್ತಿ ಕೊಟ್ಟಿದ್ದಾರೆ. ಸಭೆಯ ದಿನ ಪಕ್ಕದಲ್ಲಿ ಕೂರುತ್ತಾರಂತೆ. 'ಆ ಮನುಷ್ಯ ನನ್ನ ಮಗನ ವಯಸ್ಸಿನವನು, ನನ್ನ ಎದುರು ದನಿ ಏರಿಸಲ್ಲ' ಅನ್ನುತ್ತಾರೆ. ನಮ್ಮ ಕಡೆಗೆ ಇದೊಂದು ಬಲ.

ಸೋಮವಾರ ಆಫೀಸಿನಲ್ಲಿ ನನ್ನನ್ನು ಒಳಗಿನ ಕೋಣೆಗೆ ಕರೆದಿದ್ದಾರೆ. ಯಾಕೆ ಅಂತ ಹೇಳಿಲ್ಲ. ಅದರ ಬಗ್ಗೆ ಕೇಳಬೇಡ, ಅಮ್ಮನಿಗೂ ಹೇಳಬೇಡ.

ದಿನ, ಹೊತ್ತು ತಿಳಿಸು.

ಅಶ್ವಿತಾ

* * *

ಚೆಟ್ಟಳ್ಳಿ
18 ಜನವರಿ 2026

ಅಶ್ವಿ,

ಟ್ಯಾಂಕಿನ ಗುಡ್ಡದ ಮೇಲೆ ಕೂತೇ ಬರೆಯುತ್ತಿದ್ದೇನೆ. ಪಕ್ಕದಲ್ಲಿ ಅವ್ವ. ಮೊಣಕಾಲು ಹಿಡಿದುಕೊಂಡು ಹತ್ತಿ ಬಂದಳು, ಫೋಟೋದಲ್ಲಿ ನಿನ್ನ ಅಕ್ಷರ ನೋಡಬೇಕಂತೆ. 'ಬರ್ತೀನಿ ಅಂದವ್ಳಾ? ಎಲ್ಲೈತೆ ಆ ಸಾಲು, ತೋರ್ಸು' ಅಂದಳು. ತೋರಿಸಿದೆ. ಅದರ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು.

ಸೋಮವಾರದ ಬಗ್ಗೆ ಕೇಳುವುದಿಲ್ಲ. ಆದರೆ ಒಳಗಿನ ಕೋಣೆಯಲ್ಲಿ ಏನಾದರೂ ಬರೆದುಕೊಡು ಅಂದರೆ ಸಹಿ ಹಾಕಬೇಡ. ಒಂದೇ ಸಾಲು ಅಂದರೂ ಹಾಕಬೇಡ. 'ಓದಿಕೊಂಡು ಬರುತ್ತೇನೆ' ಅಂತ ಎದ್ದು ಬಾ. ಇದು ಅವ್ವನ ಅನುಭವ, ಬಿಟ್ಟಿಯಾಗಿ ಕೊಡುತ್ತಿದ್ದೇನೆ.

ದಿನ ಗೊತ್ತಾಗಿದೆ. ಕಿರಣ್‌ಕುಮಾರ್ ಸಭೆಯನ್ನು ಬಂಗಲೆಯ ಹಾಲ್‌ನಲ್ಲಿ ಇಟ್ಟಿದ್ದ. ಅಲ್ಲಿ ಅವರ ವೈಫೈ, ಅವರ ಫೋನು, ಅವರು ಆರಿಸಿದರೆ ಆರಿತು. ನಾವು ಒಪ್ಪಲಿಲ್ಲ. ಕಣಕ್ಕೆ ನೆಟ್‌ವರ್ಕ್ ಇಲ್ಲ. ನೀನು ಕೇಳಿಸುವ ಜಾಗ ಇದೊಂದೇ, ಈ ಗುಡ್ಡ. ನಾಮ್ ಸಾಹೇಬನೇ ಹತ್ತಿ ಬರಲಿ ಅಂದೆವು. ಬರುತ್ತಾನಂತೆ. ಅಟ್ಟೆ ಹೊಲಿಸಿದ ಬೂಟಿನಲ್ಲಿ ಜಾರದಿದ್ದರೆ ಸಾಕು ಅನ್ನುತ್ತಾನೆ ಸಣ್ಣಸ್ವಾಮಿ ಮಾವ.

ಅವ್ವ ಸೀದ ಅನ್ನದ ಡಬ್ಬಿಯನ್ನು ತರುತ್ತಾಳೆ. ಅದೇ ಡಬ್ಬಿ. ಮೇಜಿನ ಮೇಲಿಡುತ್ತಾಳಂತೆ, ಮುಚ್ಚಳ ತೆರೆದು. ಅಲ್ಲಿ ಮೇಜು ಇಲ್ಲ ಅಂದೆ. 'ಹಂಗಾರೆ ಕೈಲೇ ಹಿಡ್ಕಂಡಿರ್ತೀನಿ' ಅಂದಳು.

ಖಾಲಿ ಮಾಡುವ ದಿನಕ್ಕೆ ಇನ್ನು ಹದಿಮೂರು ದಿನ. ನಮ್ಮ ಸಾಮಾನು ಕಟ್ಟಿಲ್ಲ, ಕಟ್ಟುವುದೂ ಇಲ್ಲ.

ಫೋನು ಚಾರ್ಜ್ ಮಾಡಿಟ್ಟುಕೋ. ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೋ. ಮೊದಲು ನಿನ್ನ ಹೆಸರು ಹೇಳು, ಆಮೇಲೆ ಉಳಿದದ್ದು.

ಜನವರಿ ಇಪ್ಪತ್ತನಾಲ್ಕು, ಶನಿವಾರ. ನೀರಿನ ಟ್ಯಾಂಕಿನ ಬಳಿ. ನಮ್ಮಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆ, ನಿಮ್ಮಲ್ಲಿ ಮಧ್ಯಾಹ್ನ ಎರಡೂವರೆ.

ಆಶಾರಾಣಿ